4-6-20 ಅಂದರೆ ಯಾವ ದಿನ?

2022ರ ಜುಲೈ 12, ಮಂಗಳವಾರ. ನಮ್ಮೂರು ತಗಡೂರಿನಲ್ಲಿ ಬೆಳಿಗ್ಗೆ ಹತ್ತೂವರೆ, ಟೋಕಿಯೊದಲ್ಲಿ ಮಧ್ಯಾಹ್ನ ಎರಡು. ಚಿಕ್ಕಮ್ಮ ಜಗುಲಿಯ ಮೇಲೆ ಮೊರ ಹಿಡಿದು ಹುರುಳಿ ಹಸನು ಮಾಡುತ್ತಿದ್ದರು. ಅಷ್ಟರಲ್ಲಿ ನನ್ನ ಅಕ್ಕನ ಮಗಳು ವಿಡಿಯೊ ಕರೆ ಮಾಡಿದಳು. ಅವಳ ಹಿಂದೆ ಆಸ್ಪತ್ರೆಯ ಬಿಳಿ ಗೋಡೆ, ಗೋಡೆಯ ಮೇಲೊಂದು ಜಿರಾಫೆಯ ಚಿತ್ರ. ತೊಡೆಯ ಮೇಲೆ, ಮೂರು ವರ್ಷ ತುಂಬಲು ಇನ್ನು ಆರು ವಾರವಿದ್ದ ಮಗಳು.

"ಮಾವ, ಇವ್ರು ಸೂಜಿ ಹಾಕಲ್ಲ ಅಂತಾವ್ರೆ. ಹೋದ ತಿಂಗ್ಳೇ ಒಂದು ಹಾಕ್ಸಿದೀರಲ್ಲ, ಇಪ್ಪತ್ತೇಳು ದಿನ ಕಳೀಬೇಕು ಅಂತಾವ್ರೆ. ನಾನೆಲ್ಲಿ ಹಾಕ್ಸಿದೀನಿ?"

ಚಿಕ್ಕಮ್ಮ ಮೊರ ಕೆಳಗಿಟ್ಟು ಫೋನಿನ ಹತ್ತಿರ ಬಂದರು. "ಹೋದ ತಿಂಗ್ಳಾ? ಯಾವ ಸೂಜಿಯಂತೆ? ಕಾರ್ಡ್ ತೋರ್ಸವ್ವ."

ಚಿಕ್ಕಮ್ಮ ನಂಜನಗೂಡು ತಾಲ್ಲೂಕಿನ ಉಪಕೇಂದ್ರಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ದುಡಿದು, ಹಿಂದಿನ ವರ್ಷವಷ್ಟೇ ನಿವೃತ್ತರಾಗಿದ್ದರು. ಸುತ್ತಲಿನ ಹಳ್ಳಿಗಳಿಗೆ ಅವರು ನರ್ಸಮ್ಮ. ಟೋಕಿಯೊದ ಆ ಮೇಜಿನ ಮೇಲಿದ್ದ ತಾಯಿ ಕಾರ್ಡಿನ ಅಕ್ಷರಗಳೂ ಅವರವೇ.

ತಾಯಿ ಕಾರ್ಡ್ ಗೊತ್ತಿಲ್ಲದ ಮನೆ ನಮ್ಮ ಕಡೆ ಇಲ್ಲ. ಬಸುರಿಯ ಹೆಸರು ನೋಂದಾಯಿಸಿದಾಗ ಕೈಗೆ ಬರುವ ಆ ಕಾರ್ಡಿನಲ್ಲಿ ತಾಯಿಯ ತೂಕ, ರಕ್ತದ ಅಂಶ, ಹೆರಿಗೆಯ ವಿವರ, ಆಮೇಲೆ ಮಗುವಿನ ಒಂದೊಂದು ಲಸಿಕೆಯ ತಾರೀಖೂ ಸೇರುತ್ತಾ ಹೋಗುತ್ತದೆ. ಈ ಮಗು ಹುಟ್ಟಿದ್ದು 2019ರ ಆಗಸ್ಟ್ 24ರಂದು. ಒಂಬತ್ತು ತಿಂಗಳು ತುಂಬಿದಾಗ ಹಾಕಬೇಕಾದ ದಡಾರ-ರುಬೆಲ್ಲಾ ಚುಚ್ಚುಮದ್ದು 2020ರ ಮೇ ಕೊನೆಗೆ ಬಂತು. ಅದು ಲಾಕ್‌ಡೌನ್ ಕಾಲ. ಮಾರ್ಚ್ ಕೊನೆಯಲ್ಲಿ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೋವಿಡ್ ಕಾಣಿಸಿಕೊಂಡು, ಅವರಿಂದ ಮನೆಯವರಿಗೂ ಹರಡಿ, ಸೋಂಕಿತರು 70 ದಾಟಿದ್ದರು. ಊರೂರಿಗೆ ಬೇಲಿ ಬಿದ್ದಿತ್ತು, ಗುರುವಾರದ ಲಸಿಕೆ ನಿಂತುಹೋಗಿತ್ತು. ಮತ್ತೆ ಶುರುವಾದ ಮೇಲೆ ಚಿಕ್ಕಮ್ಮ ತಾವೇ ಸೂಜಿ ಹಾಕಿ ಕಾರ್ಡಿನಲ್ಲಿ ಬರೆದರು: 4-6-20. ಎರಡನೆಯ ಡೋಸ್ ಮುಂದಿನ ಮಾರ್ಚಿನಲ್ಲಿ. ಅದರ ಮುಂದೆ 11-3-21.

ಆ ಕ್ಲಿನಿಕ್ಕಿನಲ್ಲಿ ಕನ್ನಡ ಓದುವವರು ಯಾರು? ಅಕ್ಕನ ಮಗಳು ಬುದ್ಧಿವಂತೆ. ಕಾರ್ಡಿನಲ್ಲಿದ್ದುದನ್ನೆಲ್ಲ ಇಂಗ್ಲಿಷಿಗಿಳಿಸಿ ಒಂದು ಹಾಳೆ ಸಿದ್ಧಮಾಡಿಕೊಂಡೇ ಹೋಗಿದ್ದಳು. ದಡಾರ-ರುಬೆಲ್ಲಾಗೆ ಎಂ.ಆರ್. ಎಂದು ಬರೆದಿದ್ದಳು. ಜಪಾನಿನಲ್ಲೂ ಅದಕ್ಕೆ ಎಂ.ಆರ್. ಎಂದೇ ಹೆಸರು. ಹೆಸರಿನದೇನೂ ತೊಡಕಿರಲಿಲ್ಲ. ತಾರೀಖುಗಳನ್ನು ಮಾತ್ರ ಕಾರ್ಡಿನಲ್ಲಿದ್ದ ಹಾಗೆಯೇ ಇಳಿಸಿದ್ದಳು. ಎಡವಿದ್ದು ಅಲ್ಲೇ.

ಜಪಾನಿನಲ್ಲಿ ಮೊದಲು ವರ್ಷ, ಆಮೇಲೆ ತಿಂಗಳು, ಕೊನೆಗೆ ದಿನ. ವರ್ಷವನ್ನೂ ಎಷ್ಟೋ ಸಲ ಚಕ್ರವರ್ತಿಯ ಆಳ್ವಿಕೆಯಿಂದ ಎಣಿಸುತ್ತಾರೆ. ಈಗಿನ ಚಕ್ರವರ್ತಿ ಪಟ್ಟಕ್ಕೆ ಬಂದ 2019 ಅವರಿಗೆ ರೇವಾ 1. ಹಾಗಾದರೆ 2022 ರೇವಾ 4. ಕೌಂಟರಿನ ಹೆಣ್ಣುಮಗಳು 4-6-20 ಎಂಬುದನ್ನು ತನಗೆ ರೂಢಿಯಿದ್ದಂತೆ ಓದಿದಳು: ರೇವಾ 4, ಜೂನ್ 20. ಎಂದರೆ ಮೂರು ವಾರದ ಹಿಂದೆ.

ಅವತ್ತು ಹಾಕಬೇಕಿದ್ದುದು ಸೀತಾಳೆ ಸಿಡುಬಿನ ಲಸಿಕೆ, ನಮ್ಮೂರಲ್ಲಿ 'ಅಮ್ಮ ಆಗಿದೆ' ಎನ್ನುತ್ತಾರಲ್ಲ, ಅದಕ್ಕೆ. ನಮ್ಮ ಸರ್ಕಾರಿ ಪಟ್ಟಿಯಲ್ಲಿ ಅದಿಲ್ಲ. ಜಪಾನಿನಲ್ಲಿ 2014ರ ಅಕ್ಟೋಬರಿನಿಂದ ಒಂದು ವರ್ಷ ತುಂಬಿದ ಮಕ್ಕಳಿಗೆ ಪುಕ್ಕಟೆ ಹಾಕುತ್ತಾರೆ. ಆದರೆ ಮೂರನೇ ಹುಟ್ಟುಹಬ್ಬದ ಹಿಂದಿನ ದಿನದವರೆಗೆ ಮಾತ್ರ. ಅದೂ ಎಂ.ಆರ್. ಕೂಡ ಜೀವಂತ ವೈರಾಣುವಿನ ಶಕ್ತಿ ಕುಂದಿಸಿ ಮಾಡಿದ ಲಸಿಕೆಗಳು. ಅಂಥ ಒಂದು ಚುಚ್ಚುಮದ್ದಿಗೂ ಇನ್ನೊಂದಕ್ಕೂ ನಡುವೆ 27 ದಿನ ಬಿಡಬೇಕೆಂಬುದು ಅಲ್ಲಿಯ ನಿಯಮ. ಮೊದಲನೆಯದು ಎಬ್ಬಿಸಿದ ಪ್ರತಿರೋಧ ಎರಡನೆಯದನ್ನು ಹಿಡಿಯಗೊಡದೆ ಹೋಗಬಾರದು ಎಂಬುದು ಅದರ ಕಾರಣ. ಆ ಹುಡುಗಿ ಮಗುವಿನ ಒಳ್ಳೆಯದಕ್ಕೇ ಬೇಡವೆಂದಿದ್ದಳು. ಇತ್ತ ಆಗಸ್ಟ್ 23ಕ್ಕೆ ಗಡುವು. ನಡುವೆ ಓಬೊನ್ ಹಬ್ಬದ ರಜೆ. ಆ ಬೇಸಿಗೆಯ ಕೋವಿಡ್ ಅಲೆಯಲ್ಲಿ ಮಕ್ಕಳ ಕ್ಲಿನಿಕ್ಕುಗಳೆಲ್ಲ ತುಂಬಿ ತುಳುಕುತ್ತಿದ್ದವು.

ಜುಲೈ 12ರ ಆ ದಿನವಾದರೂ ಸುಲಭಕ್ಕೆ ಸಿಕ್ಕಿದ್ದಲ್ಲ. ಈ ಕುಟುಂಬ ಟೋಕಿಯೊಗೆ ಹೋಗಿದ್ದು ಏಪ್ರಿಲಿನಲ್ಲಿ. ಇದ್ದದ್ದು ಭಾರತೀಯರು ಹೆಚ್ಚಾಗಿರುವ ನಿಶಿಕಸಾಯ್ ಬಡಾವಣೆಯಲ್ಲಿ. ಅಕ್ಕನ ಮಗಳು ಆರೋಗ್ಯ ಕೇಂದ್ರಕ್ಕೆ ಹೋಗಿ, ತಾಯಿ-ಮಗುವಿನ ಕೈಪಿಡಿ ಬೋಶಿ ತೆಚೊ ಪಡೆದು, ಲಸಿಕೆಗೊಂದರಂತೆ ಇರುವ ಪ್ರಶ್ನೆ ಹಾಳೆ ಯೋಶಿನ್‌ಹ್ಯೋ ತಂದಿದ್ದಳು. ಮಗುವಿಗೆ ಈಗ ಜ್ವರವಿದೆಯೇ, ಎಂದಾದರೂ ಫಿಟ್ಸ್ ಬಂದಿತ್ತೇ, ಹಿಂದಿನ ಒಂದು ತಿಂಗಳಲ್ಲಿ ಬೇರೆ ಲಸಿಕೆ ಹಾಕಿಸಿದ್ದೀರಾ ಎಂದೆಲ್ಲ ಕೇಳುವ ಹಾಳೆ ಅದು. ಅದರ ಇಂಗ್ಲಿಷ್ ಅನುವಾದ ಸಿಗುತ್ತದೆ, ಆದರೆ ಪಕ್ಕದಲ್ಲಿಟ್ಟು ನೋಡಿಕೊಳ್ಳುವುದಕ್ಕೆ ಮಾತ್ರ. ತುಂಬಿ ಸಹಿ ಹಾಕಬೇಕಾದ್ದು ಜಪಾನಿ ಹಾಳೆಯನ್ನೇ.

ದಿನ ಗೊತ್ತುಮಾಡಲು ಕ್ಲಿನಿಕ್ಕಿಗೆ ಫೋನ್ ಮಾಡಬೇಕು. ಹೇಳಬೇಕಾದ ಮಾತನ್ನು ಅವಳು ಮೊದಲೇ ಕನ್ನಡ ಅಕ್ಷರದಲ್ಲಿ ಬರೆದಿಟ್ಟುಕೊಂಡಿದ್ದಳು: 'ಯೊಯಾಕು ಶಿತಾಯ್ ದೆಸು', ಸಮಯ ಗೊತ್ತುಮಾಡಬೇಕಿತ್ತು ಎಂದು. ಹೇಳಿದ್ದು ಅವರಿಗೆ ತಿಳಿಯಿತು. ಅವರು ಹೇಳಿದ್ದು ಇವಳಿಗೆ ತಿಳಿಯಲಿಲ್ಲ. ಜುಲೈ ಎಂಟು ಎಂದುಕೊಂಡು ಹೋದಳು. ಅವರು ಕೊಟ್ಟಿದ್ದುದು ನಾಲ್ಕು. ಹಾಗೆ ತಪ್ಪಿಹೋಗಿ ಮತ್ತೆ ಸಿಕ್ಕಿದ್ದು ಹನ್ನೆರಡು. ಜಪಾನಿಯಲ್ಲಿ ನಾಲ್ಕನೇ ತಾರೀಖು ಯೊಕ್ಕಾ, ಎಂಟನೆಯದು ಯೋಕಾ.

ಈ ಎರಡು ಪದಗಳಲ್ಲಿ ಇಂಗ್ಲಿಷ್ ಬಲ್ಲ ವಿದೇಶಿಯರು ಮುಗ್ಗರಿಸುವುದು ಸಹಜ. ಕನ್ನಡದ ಕಿವಿಗೆ ಅದು ಅಷ್ಟೇನೂ ಕಷ್ಟವಲ್ಲ. ಹ್ರಸ್ವ-ದೀರ್ಘ, ಒತ್ತಕ್ಷರ ನಮಗೆ ಹುಟ್ಟಿನಿಂದ ಬಂದದ್ದು. ಅವತ್ತು ಅವರು ಹೇಳಿದ್ದನ್ನು ಇಂಗ್ಲಿಷ್ ಅಕ್ಷರದಲ್ಲಿ ಗೀಚಿಕೊಂಡಿದ್ದಳು, ಒತ್ತೂ ದೀರ್ಘವೂ ಎರಡೂ ಹಾರಿಹೋದವು. ಅಲ್ಲಿಂದೀಚೆಗೆ ಫೋನಿನಲ್ಲಿ ಕೇಳಿದ್ದನ್ನೂ ಕನ್ನಡದಲ್ಲೇ ಬರೆದುಕೊಳ್ಳುತ್ತಾಳೆ. ತಾರೀಖಿನ ಜೊತೆಗೆ ವಾರವನ್ನೂ ಕೇಳುತ್ತಾಳೆ. ಸೋಮವಾರ ಶುಕ್ರವಾರವಾಗುವುದಿಲ್ಲ.

ಜುಲೈ 12ರ ಗಂಟು ಬಿಡಿಸಿದ್ದು ಹಾಳೆಯಲ್ಲಿದ್ದ ಅದರ ಕೆಳಗಿನ ಸಾಲು. ಚಿಕ್ಕಮ್ಮ ಫೋನಿನಲ್ಲಿ, "ಅವ್ರಿಗೆ ಎರಡ್ನೇ ಡೋಸ್ ಓದಕ್ಕೇಳು" ಎಂದರು. ಡಾಕ್ಟರು ಒಳಗಿನಿಂದ ಬಂದು ಹಾಳೆ ನೋಡಿದರು. 11-3-21. ರೇವಾ 11 ಬರುವುದು 2029ಕ್ಕೆ! ಅವರು ಹುಬ್ಬೇರಿಸಿ ಬೋಶಿ ತೆಚೊ ತಿರುವಿದರು. ಜಪಾನಿನಲ್ಲಿ ಲಸಿಕೆ ಹಾಕಿದರೆ ಬಾಟಲಿಯ ಬ್ಯಾಚ್ ಸಂಖ್ಯೆಯಿರುವ ಚೀಟಿಯನ್ನು ಕೈಪಿಡಿಗೆ ಅಂಟಿಸುತ್ತಾರೆ. ಜೂನ್ 20ರ ಚೀಟಿ ಎಲ್ಲೂ ಇರಲಿಲ್ಲ. ಅಷ್ಟರಲ್ಲಿ ಅಕ್ಕನ ಮಗಳು ಬೇರೆ ಹಾಳೆಯಲ್ಲಿ 2020, 6, 4 ಎಂದು ದೊಡ್ಡದಾಗಿ ಬರೆದು, ವರ್ಷ, ತಿಂಗಳು, ದಿನ ಎಂಬುದಕ್ಕೆ ತನಗೆ ಬರುತ್ತಿದ್ದ ಮೂರು ಜಪಾನಿ ಅಕ್ಷರಗಳನ್ನು ಒಂದೊಂದರ ಪಕ್ಕ ಹಾಕಿದಳು. ಕೌಂಟರಿನ ಹುಡುಗಿ ಎದ್ದು ನಿಂತು ತಲೆಬಾಗಿದಳು. ಟೋಕಿಯೊದ ಮೂರೂಕಾಲಿಗೆ ಮಗು ಅತ್ತ ಸದ್ದು ತಗಡೂರಿನ ಜಗುಲಿಗೆ ಕೇಳಿಸಿತು.

ಚಿಕ್ಕಮ್ಮ ಮಾತ್ರ ಮಧ್ಯಾಹ್ನ ಸರಿಯಾಗಿ ಉಣ್ಣಲಿಲ್ಲ. "ಮೂವತ್ತು ವರ್ಷ ಹಂಗೇ ಬರ್ದಿದೀನಿ ಕಣೋ" ಎಂದರು. ಅದು ತಪ್ಪೇನಲ್ಲ, ಎಲ್ಲರೂ ಹಾಗೇ ಬರೆಯುತ್ತಾರೆ ಎಂದೆ. ಒಪ್ಪಲಿಲ್ಲ. ಸಂಜೆ ನನ್ನನ್ನು ಕೂರಿಸಿಕೊಂಡು ಮಗುವಿನ ಲಸಿಕೆಗಳ ಹೊಸ ಪಟ್ಟಿ ಮಾಡಿಸಿದರು. ವರ್ಷ ನಾಲ್ಕು ಅಂಕಿಯಲ್ಲಿ, ತಿಂಗಳ ಹೆಸರು ಅಕ್ಷರದಲ್ಲಿ. ಪೆಂಟಾ ಎಂದು ಬರೆಯಹೋದವನನ್ನು ತಡೆದರು. ಗಂಟಲುಮಾರಿ, ನಾಯಿಕೆಮ್ಮು, ಧನುರ್ವಾಯು, ಹೆಪಟೈಟಿಸ್ ಬಿ, ಹಿಬ್ ಎಂದು ಐದನ್ನೂ ಬಿಡಿಸಿ ಬರೆಸಿದರು. ಅವರ ಅನುಮಾನ ಸರಿಯಾಗಿತ್ತು. ಆಗ ಜಪಾನಿನಲ್ಲಿದ್ದುದು ನಾಲ್ಕು ಸೇರಿದ ಸೂಜಿ, ಅದರೊಳಗೆ ಪೋಲಿಯೊ ಇತ್ತು, ಹೆಪಟೈಟಿಸ್ ಬಿ ಮತ್ತು ಹಿಬ್ ಇರಲಿಲ್ಲ. ನಾಲ್ಕರ ಜಾಗಕ್ಕೆ ಐದು ಸಿಕ್ಕಿತಲ್ಲ ಎಂದು ಲೆಕ್ಕ ಹಾಕಿದರೆ ಪೋಲಿಯೊ ತಪ್ಪಿಹೋಗುತ್ತದೆ. ಎಂ.ಆರ್. ನಮ್ಮಲ್ಲಿ ಒಂಬತ್ತು ತಿಂಗಳಿಗೆ, ಅಲ್ಲಿ ಮೊದಲ ಡೋಸೇ ವರ್ಷ ತುಂಬಿದ ಮೇಲೆ. ದಡಾರ ಎಳೆಗೂಸುಗಳನ್ನೇ ಹಿಡಿಯುವ ಕಡೆ ಬೇಗ ಹಾಕುತ್ತಾರೆ, ಕಾಯಿಲೆ ವಿರಳವಾದ ಕಡೆ ಲಸಿಕೆ ಚೆನ್ನಾಗಿ ಹಿಡಿಯುವ ವಯಸ್ಸಿಗೆ ಕಾಯುತ್ತಾರೆ. ಅದಕ್ಕೇ ಎಷ್ಟನೇ ಡೋಸ್ ಎಂಬುದರ ಜೊತೆಗೆ ಮಗುವಿಗೆ ಆಗ ಎಷ್ಟು ತಿಂಗಳು ಎಂಬುದನ್ನೂ ಬರೆಸಿದರು.

ಈ ಎಚ್ಚರ ಅವರಿಗೆ ಬಂದದ್ದು ನಂಜನಗೂಡಿನ ಕೈಗಾರಿಕಾ ಪ್ರದೇಶದಿಂದ. ಬಿಹಾರ, ಒಡಿಶಾ, ಅಸ್ಸಾಮಿನಿಂದ ದುಡಿಯಲು ಬಂದವರ ಶೆಡ್ಡುಗಳಿಗೆ ಅವರು ವರ್ಷಗಟ್ಟಲೆ ಹೋಗಿದ್ದಾರೆ. ಒಮ್ಮೆ ಒಬ್ಬ ತಾಯಿ ಒಡಿಯಾ ಕಾರ್ಡು ಕೊಟ್ಟಳು. ಗುಂಡುಗುಂಡಾದ ಅಕ್ಷರ, ನೋಡಲು ಕನ್ನಡದ ಬಳಗದಂತೆ, ಓದಲು ಒಂದೂ ಬಾರದು. ಅರ್ಧಕ್ಕೆ ನೀರು ಬಿದ್ದು ಬಣ್ಣ ಬಿಟ್ಟಿತ್ತು. ಆಕೆಗೆ ಕನ್ನಡವಿಲ್ಲ, ಇವರಿಗೆ ಹಿಂದಿ ಅಷ್ಟಕ್ಕಷ್ಟೆ. ಚಿಕ್ಕಮ್ಮ ಮಗುವಿನ ಅಂಗಿ ಬಿಚ್ಚಿಸಿದರು. ಎಡತೋಳಿನ ಮೇಲೆ ಪುಟ್ಟ ಗುಳಿಯಿತ್ತು, ಹುಟ್ಟಿದಾಗಿನ ಬಿಸಿಜಿ. ಆಮೇಲೆ ಎಡತೊಡೆ ಮುಟ್ಟಿ ಕೇಳಿದರು, ತಾಯಿ ಮೂರು ಬೆರಳು ತೋರಿಸಿದಳು. ಪೆಂಟಾ ಮೂರೂ ಆಗಿದೆ. ಬಲತೋಳು ಮುಟ್ಟಿದರು, ತಲೆಯಾಡಿಸಿ ಇಲ್ಲ ಎಂದಳು. ಮಗುವಿಗೆ ಹತ್ತು ತಿಂಗಳಾಗಿತ್ತು. ಎಂ.ಆರ್. ಬಾಕಿ. ದೇಶದಲ್ಲೆಲ್ಲ ಯಾವ ಲಸಿಕೆ ದೇಹದ ಯಾವ ಕಡೆಗೆ ಎಂಬುದು ಗೊತ್ತುಪಡಿಸಿದ್ದರಿಂದ ಈ ಉಪಾಯ ನಡೆಯುತ್ತದೆ. ನಮ್ಮ ಮಗುವಿನ ತೋಳಿನ ಇಂಥದೇ ಗುಳಿಯನ್ನು ಟೋಕಿಯೊದ ನರ್ಸ್ ಬಹಳ ಹೊತ್ತು ನೋಡಿದ್ದಳಂತೆ. ಅಲ್ಲಿ ಬಿಸಿಜಿ ಹಾಕುವುದು ಒಂಬತ್ತು ಸೂಜಿಯ ಮುದ್ರೆಯನ್ನು ಎರಡು ಸಲ ಒತ್ತಿ. ತೋಳಿನಲ್ಲಿ ಹದಿನೆಂಟು ಚುಕ್ಕಿಯಿರಬೇಕು.

ತೋಳು ತೋರಿಸಿ ಮಾತಾಡುವುದು ಮೈಸೂರಿಗೆ ಹಳೆಯ ವಿದ್ಯೆ. 1805ರಲ್ಲಿ ಥಾಮಸ್ ಹಿಕ್ಕಿ ಬರೆದ ಅರಮನೆಯ ಮೂವರು ರಾಣಿಯರ ತೈಲಚಿತ್ರದಲ್ಲಿ ಬಲಗಡೆಯ ಎಳೆಯ ರಾಣಿ ಸೆರಗಿನ ಅಂಚಿಗೆ ಕೈಯಿಟ್ಟು ತೋಳು ತೋರುವಂತೆ ನಿಂತಿದ್ದಾಳೆ. ಸಿಡುಬಿನ ಹೊಸ ಲಸಿಕೆ ಹಾಕಿಸಿಕೊಂಡ ಜಾಗವನ್ನು ಪ್ರಜೆಗಳಿಗೆ ತೋರಿಸುತ್ತಿದ್ದಾಳೆ ಎಂಬುದು ಇತಿಹಾಸಕಾರ ನೈಜಲ್ ಚಾನ್ಸಲರ್ ಅವರ ವಾದ. ಆ ಲಸಿಕೆ ಭಾರತಕ್ಕೆ ಕಾಲಿಟ್ಟು ಆಗ ಮೂರೇ ವರ್ಷ.

ನಮ್ಮ ನೆಲದಲ್ಲೇ ನಾವು ಪರದೇಶಿಗಳಾದ ದಿನಗಳೂ ಇದ್ದವು. 2021ರ ಮೇ 1ರಿಂದ 18 ದಾಟಿದವರಿಗೆ ಕೋವಿಡ್ ಲಸಿಕೆ ಎಂದರು, ಆದರೆ ಕೋವಿನ್ ಜಾಲತಾಣದಲ್ಲಿ ಮೊದಲೇ ಸಮಯ ಗೊತ್ತುಮಾಡಿಕೊಳ್ಳಬೇಕಿತ್ತು. ಆಗ ಅದರಲ್ಲಿ ಕನ್ನಡವಿರಲಿಲ್ಲ, ಜೂನ್ ತಿಂಗಳಲ್ಲಿ ಬಂತು. ತಗಡೂರಿನ ಹುಡುಗರು ಹಳೆಯ ಫೋನು ಹಿಡಿದು ಕೂತರೆ ಒಟಿಪಿ ಬರುವುದರೊಳಗೆ ಜಾಗ ಮುಗಿದು ಹೋಗುತ್ತಿತ್ತು. ರಾತ್ರಿ ಹನ್ನೊಂದರ ತನಕ ಅವರ ಆಧಾರ್ ಕಾರ್ಡುಗಳನ್ನು ಸಾಲಾಗಿಟ್ಟುಕೊಂಡು ನಾನು ಪ್ರಯತ್ನಿಸಿದ್ದಿದೆ. ಇಂಗ್ಲಿಷ್ ಓದಬಲ್ಲ ಪಟ್ಟಣದವರು ಹಳ್ಳಿಯ ಕೇಂದ್ರಗಳಲ್ಲಿ ಜಾಗ ಹಿಡಿದು ಕಾರಿನಲ್ಲಿ ಬಂದು ಹಾಕಿಸಿಕೊಂಡು ಹೋಗುತ್ತಿದ್ದರು. ಭಾರತದಲ್ಲಿ ನೆಲೆಸಿದ ವಿದೇಶಿಯರಿಗೆ ಪಾಸ್‌ಪೋರ್ಟ್ ತೋರಿಸಿ ಹೆಸರು ಬರೆಸಲು ಅನುಮತಿ ಸಿಕ್ಕಿದ್ದು ಆ ಆಗಸ್ಟ್ 9ರಂದು. ಅಲ್ಲಿಯ ತನಕ ಮೈಸೂರಿನ ಗೋಕುಲಂನಲ್ಲಿ ಯೋಗ ಕಲಿಯಲು ಬಂದು ಉಳಿದುಬಿಟ್ಟವರ ಬಳಿ ಹಣವಿತ್ತು, ಇಂಗ್ಲಿಷ್ ಇತ್ತು, ಹೆಸರು ಬರೆಸಲು ದಾರಿ ಮಾತ್ರ ಇರಲಿಲ್ಲ.

ಚಿಕ್ಕಮ್ಮ ಈಗಲೂ ಗುರುವಾರ ಅಂಗನವಾಡಿಗೆ ಹೋಗಿ ಒಂದು ಗಳಿಗೆ ಕೂತು ಬರುತ್ತಾರೆ. ಕೆಲಸದಲ್ಲಿರುವ ನರ್ಸ್ ಚಿಕ್ಕ ವಯಸ್ಸಿನವಳು. ಕೈ ತುಂಬ ಕೆಲಸ, ಹೊರಗೆ ಅಳುವ ಮಕ್ಕಳ ಸಾಲು. ಮೊದಮೊದಲು ಈ ಅಜ್ಜಿಯ ಮಾತು ಅವಳಿಗೆ ಕಿರಿಕಿರಿಯೇ ಆಗಿರಬೇಕು. ಹೋದ ಸಲ ನಾನು ಅವರನ್ನು ಕರೆತರಲು ಹೋದಾಗ ಒಬ್ಬ ಬಿಹಾರಿ ಹೆಂಗಸು ಕಾರ್ಡಿಗಾಗಿ ಕೈಚಾಚಿ ನಿಂತಿದ್ದಳು. ನರ್ಸ್ ಅಂಕಿ ಬರೆದು ಕೊಡಹೋದವಳು ಚಿಕ್ಕಮ್ಮನ ಮುಖ ನೋಡಿ ಕಾರ್ಡನ್ನು ಹಿಂದಕ್ಕೆ ಎಳೆದುಕೊಂಡಳು. ಅಂಕಿಯ ಮೇಲಿನ ಸಣ್ಣ ಜಾಗದಲ್ಲಿ ಇಂಗ್ಲಿಷಿನಲ್ಲಿ ತಿಂಗಳ ಹೆಸರು ಬರೆದಳು, ವರ್ಷ ಪೂರ್ತಿ ಮಾಡಿದಳು. ಆ ಹೆಂಗಸು ಕಾರ್ಡನ್ನು ಹಾಲಿನ ಪ್ಲಾಸ್ಟಿಕ್ ಕವರಿನೊಳಗೆ ಇಳಿಸಿ, ಕವರಿನ ಬಾಯನ್ನು ಎರಡು ಸಲ ಮಡಿಸಿ ಚೀಲಕ್ಕೆ ಹಾಕಿಕೊಂಡಳು.