ಪ್ರಳಯದ ನಂತರ ಬೀಜ ಮೊಳೆಯುತ್ತದೆಯೇ?

ತರಗತಿ: 10 | ವಿಷಯ: ವಿಜ್ಞಾನ | ಘಟಕ: ನಮ್ಮ ಪರಿಸರ

ಪ್ರಶ್ನೆ ಬಂದ ಸಂದರ್ಭ

ಅಭ್ಯಾಸ ಬೋಧನೆಯ ಎರಡನೇ ವಾರ. ಆಹಾರ ಸರಪಳಿಯ ಪಾಠ ಮುಗಿಸಿ, "ಏನಾದರೂ ಸಂದೇಹ ಇದೆಯೇ?" ಎಂದು ಕೇಳಿದೆ. ಒಬ್ಬ ವಿದ್ಯಾರ್ಥಿನಿ ಎದ್ದು, "ಮಿಸ್, ಮತ್ಸ್ಯಾವತಾರದ ಕಥೆಯಲ್ಲಿ ಇಡೀ ಭೂಮಿ ಮುಳುಗುತ್ತದಲ್ಲ, ಆಮೇಲೆ ಗಿಡ, ಪ್ರಾಣಿ ಎಲ್ಲ ಹೇಗೆ ಬಂದವು?" ಎಂದಳು. ಗಂಟೆ ಹೊಡೆಯಲು ಐದು ನಿಮಿಷವಿತ್ತು. "ಅದು ಕಥೆ, ಪಾಠಕ್ಕೆ ಸಂಬಂಧವಿಲ್ಲ" ಎಂದು ಕೂರಿಸಿದೆ. ಆ ವಾರವಿಡೀ ಅವಳು ಮತ್ತೆ ಕೈ ಎತ್ತಲಿಲ್ಲ. ಪಾಠ ವೀಕ್ಷಿಸಿದ ಮಾರ್ಗದರ್ಶಕರು ಅವಲೋಕನ ಪುಸ್ತಕದಲ್ಲಿ ಒಂದೇ ಸಾಲು ಬರೆದಿದ್ದರು: ಆ ಪ್ರಶ್ನೆ ನಿಮ್ಮ ಪಾಠದ್ದೇ ಆಗಿತ್ತು.

ಅವರು ಹೇಳಿದ್ದು ಸರಿ. ಇಡೀ ಭೂಮಿ ಒಮ್ಮೆಲೇ ಮುಳುಗಿತ್ತು ಎನ್ನಲು ಭೂವಿಜ್ಞಾನದಲ್ಲಿ ಸಾಕ್ಷ್ಯವಿಲ್ಲ. ಆದರೆ "ಹಾಗೆ ಆದರೆ ಜೀವಿಗಳು ಚೇತರಿಸಿಕೊಳ್ಳುತ್ತವೆಯೇ?" ಎಂಬುದನ್ನು ವಿಜ್ಞಾನದಿಂದ ಪರಿಶೀಲಿಸಬಹುದು. ಮುಂದಿನ ವಾರ ಆ ಪ್ರಶ್ನೆಯನ್ನೇ ಪಾಠವಾಗಿ ಯೋಜಿಸಿ, ಮೂರು ಭಾಗ ಮಾಡಿಕೊಂಡೆ.

1. ಬೀಜ ಉಳಿಯುತ್ತದೆಯೇ?

ಮಹಾಭಾರತದ ವನಪರ್ವದಲ್ಲಿ ಮನು ದೋಣಿ ಏರುವಾಗ ಎಲ್ಲ ಬಗೆಯ ಬೀಜಗಳನ್ನೂ ಜೊತೆಗೆ ಒಯ್ಯುತ್ತಾನೆ. ಬೀಜಗಳನ್ನು ದೋಣಿಯಲ್ಲಿ ಇಡದಿದ್ದರೆ ಏನಾಗುತ್ತಿತ್ತು? ಹೆಸರುಕಾಳು ಮತ್ತು ರಾಗಿಯನ್ನು ಸಿಹಿನೀರು, ಉಪ್ಪುನೀರು ಇರುವ ಲೋಟಗಳಲ್ಲಿ ಒಂದು ವಾರ ಮುಳುಗಿಸಿ, ತೊಳೆದು, ಒದ್ದೆ ಹತ್ತಿಯ ಮೇಲೆ ಇಟ್ಟೆವು. ಸಿಹಿನೀರಿನ ಹೆಸರುಕಾಳು ಆಗಲೇ ಕೊಳೆತು ನಾರುತ್ತಿತ್ತು. ಉಪ್ಪುನೀರಿನ ಹೆಸರುಕಾಳು ಮೊಳೆಯಲಿಲ್ಲ. ಉಪ್ಪುನೀರಿನಲ್ಲಿದ್ದ ರಾಗಿಯಲ್ಲಿ ಕೆಲವು ಮೊಳೆತವು.

ಡಾರ್ವಿನ್ ಕೂಡ ಇದೇ ಬಗೆಯ ಪ್ರಯೋಗ ಮಾಡಿದ್ದ. ಅವನು 87 ಬಗೆಯ ಬೀಜಗಳನ್ನು 28 ದಿನ ಉಪ್ಪುನೀರಿನಲ್ಲಿಟ್ಟಾಗ 64 ಬಗೆಗಳು ಮೊಳೆತವು. ಕೆಲವು ಮಾತ್ರ 137 ದಿನ ತಾಳಿಕೊಂಡವು. ಬೈಬಲ್‌ನ ನೋಹನ ಕಥೆಯಲ್ಲಿ ನೀರು ಇಳಿಯದೆ ನಿಂತದ್ದು 150 ದಿನ. ಅಂದರೆ ಕೆಲವು ಸಸ್ಯಗಳು ಉಳಿದಾವು, ಬಹಳಷ್ಟು ಉಳಿಯವು.

2. ಒಂದೊಂದು ಜೋಡಿ ಸಾಕೇ?

ಇಲ್ಲಿ ಶೇ. 10ರ ನಿಯಮವನ್ನು ಕಪ್ಪುಹಲಗೆಯ ಮೇಲೆ ಬರೆದೆ. ಹುಲ್ಲಿನಲ್ಲಿ 10,000 ಜೂಲ್ ಇದ್ದರೆ ಜಿಂಕೆಗೆ 1,000, ಹುಲಿಗೆ 100. "ದೋಣಿಯಿಂದ ಎರಡು ಜಿಂಕೆ, ಎರಡು ಹುಲಿ ಇಳಿದವು. ಮೊದಲ ವಾರ ಏನಾಗುತ್ತದೆ?" ಎಂದೆ. "ಹುಲಿ ಜಿಂಕೆ ತಿನ್ನುತ್ತೆ, ಆಮೇಲೆ ಹುಲಿಯೂ ಸಾಯುತ್ತೆ" ಎಂದು ಇಡೀ ತರಗತಿ ಉತ್ತರಿಸಿತು. ಪಿರಮಿಡ್‌ನ ಬುಡ ಏಕೆ ಅಗಲ ಎಂಬುದನ್ನು ಮೊದಲ ಪಾಠದ ಚಿತ್ರಕ್ಕಿಂತ ಈ ಉತ್ತರ ಚೆನ್ನಾಗಿ ತಿಳಿಸಿತು.

ಕೆಲವೇ ಪ್ರಾಣಿಗಳಿಂದ ಸಂತತಿ ಬೆಳೆದ ಉದಾಹರಣೆಯೂ ಇದೆ. ಉತ್ತರ ಪೆಸಿಫಿಕ್‌ನ ಆನೆ ಸೀಲ್‌ಗಳು ಬೇಟೆಯಿಂದಾಗಿ 19ನೇ ಶತಮಾನದ ಕೊನೆಗೆ ನೂರಕ್ಕೂ ಕಡಿಮೆ ಉಳಿದಿದ್ದವು. ಇಂದು ಒಂದು ಲಕ್ಷಕ್ಕೂ ಹೆಚ್ಚಿವೆ, ಆದರೆ ಅವುಗಳ ಆನುವಂಶಿಕ ವೈವಿಧ್ಯ ತೀರಾ ಕಡಿಮೆ. ಅವು ಬದುಕಿದ್ದು ಸಮುದ್ರದಲ್ಲಿ ಆಹಾರ ಹಾಗೆಯೇ ಇದ್ದುದರಿಂದ.

3. ಮತ್ತೆ ಎಲ್ಲಿಂದ ಬರಬೇಕು?

1883ರಲ್ಲಿ ಇಂಡೋನೇಷ್ಯಾದ ಕ್ರಕಟೋವಾ ಜ್ವಾಲಾಮುಖಿ ಸಿಡಿದು ದ್ವೀಪ ಬೂದಿಯಲ್ಲಿ ಹೂತುಹೋಯಿತು. 1884ರಲ್ಲಿ ಅಲ್ಲಿ ಹುಡುಕಿದವರಿಗೆ ಸಿಕ್ಕಿದ್ದು ಒಂದು ಜೇಡ. 1886ಕ್ಕೆ ಜರೀಗಿಡಗಳು ಬಂದಿದ್ದವು. 50 ವರ್ಷಗಳೊಳಗೆ ಕಾಡು ಬೆಳೆಯಿತು. ಗಾಳಿ, ಅಲೆ, ಹಕ್ಕಿಗಳು ಇವನ್ನೆಲ್ಲ ತಂದದ್ದು ಸುಮಾರು 40 ಕಿಲೋಮೀಟರ್ ದೂರದ ಜಾವಾ, ಸುಮಾತ್ರಾಗಳಿಂದ. ನೆರೆಯಲ್ಲಿ ಹಸಿರು ನೆಲ ಉಳಿದಿತ್ತು. ಇಡೀ ಭೂಮಿಯೇ ಮುಳುಗಿದರೆ ಆ ನೆರೆ ಇರುವುದಿಲ್ಲ. ಮಕ್ಕಳು ತಲುಪಿದ ತೀರ್ಮಾನ ಇದು: ಒಂದು ಊರು, ಒಂದು ದ್ವೀಪ ಚೇತರಿಸಿಕೊಳ್ಳುತ್ತದೆ, ಎಲ್ಲವೂ ಮುಳುಗಿದರೆ ಈಗಿರುವ ಜೀವವೈವಿಧ್ಯ ಮರಳುವುದಿಲ್ಲ.

ನನ್ನ ಅವಲೋಕನ

ಕಥೆ ಸುಳ್ಳೋ ನಿಜವೋ ಎಂಬ ಚರ್ಚೆಗೆ ನಾನು ಇಳಿಯಲಿಲ್ಲ. ಇಳಿದಿದ್ದರೆ ಕೆಲವು ಮಕ್ಕಳು ಮನೆಯ ಹಿರಿಯರ ಪರ ನಿಲ್ಲಬೇಕಾಗುತ್ತಿತ್ತು. "ಹಾಗಾದರೆ ಏನೇನು ಬೇಕು?" ಎಂದು ಕೇಳಿದ್ದರಿಂದ ಎಲ್ಲರೂ ಒಟ್ಟಿಗೆ ಯೋಚಿಸಿದರು.

ಲೋಪವೂ ಆಯಿತು. ಫಲಿತಾಂಶ ಬರೆಯುತ್ತಿದ್ದಾಗ, ಮೊದಲ ದಿನ ನಾನು ಕೂರಿಸಿದ್ದ ವಿದ್ಯಾರ್ಥಿನಿಯೇ ಕೈ ಎತ್ತಿ, "ಮಿಸ್, ನೆನೆಸದ ಬೀಜವನ್ನೂ ಹತ್ತಿ ಮೇಲೆ ಇಡಬೇಕಿತ್ತಲ್ಲ? ಹೆಸರುಕಾಳು ಮೊದಲೇ ಹಾಳಾಗಿದ್ದರೆ?" ಎಂದಳು. ನಿಯಂತ್ರಿತ ಮಾದರಿ ಇಡುವುದನ್ನು ನಾನು ಮರೆತಿದ್ದೆ. ಈ ಬಾರಿ ಅವಳನ್ನು ಕೂರಿಸದೆ, ಪ್ರಯೋಗವನ್ನು ಮತ್ತೆ ಇಡುವ ಹೊಣೆಯನ್ನು ಅವಳ ಗುಂಪಿಗೇ ಕೊಟ್ಟೆ.