ಗೋಡೆ ಅಲ್ಲಲ್ಲೇ, ವಸ್ತು ಮಾತ್ರ ಊರೂರಿಗೆ

1. ಮೊದಲು ಬಾಗಿಲು ಅಳೆಯಿರಿ. ಹಲವು ದೇಶ ಸುತ್ತುವ ಪ್ರದರ್ಶನದ ಗಾತ್ರವನ್ನು ದಾರಿಯಲ್ಲಿ ಸಿಗುವ ಅತಿ ಕಿರಿದಾದ ಬಾಗಿಲೇ ನಿರ್ಧರಿಸುತ್ತದೆ. ಸಾಗಣೆ ಪೆಟ್ಟಿಗೆಯ ಮರ, ತಿರುಳಿನವರೆಗೂ 56 ಡಿಗ್ರಿಯಲ್ಲಿ 30 ನಿಮಿಷ ಕಾದಿರಬೇಕು, ಅದರ ಮುದ್ರೆಯೂ ಇರಬೇಕು. ಇಲ್ಲದಿದ್ದರೆ ಕೀಟದ ಭಯಕ್ಕೆ ಬಂದರಿನಲ್ಲೇ ತಡೆಯುತ್ತಾರೆ. ತಲುಪಿದ ಪೆಟ್ಟಿಗೆಯನ್ನು ಒಂದು ದಿನವಾದರೂ ತೆರೆಯದೆ ಬಿಡಿ. ಉದ್ಘಾಟಿಸುವವರಿಗೆ ಅವಸರವಿರಬಹುದು, ಮರಕ್ಕೂ ಚರ್ಮಕ್ಕೂ ಹೊಸ ಹವೆಗೆ ಒಗ್ಗಲು ಪುರುಸೊತ್ತು ಬೇಕು.

2. ಬರಹವನ್ನು ಗಾಜಿನ ಪೆಟ್ಟಿಗೆಗೆ ಅಂಟಿಸಬೇಡಿ. ನಾನು ಒತ್ತಿ ಹೇಳುವುದು ಇದನ್ನೇ. ಪೆಟ್ಟಿಗೆಯ ಮೇಲೆ ಸಂಖ್ಯೆಯಷ್ಟೇ ಇರಲಿ, ವಿವರದ ಫಲಕ ಆಯಾ ಊರಲ್ಲೇ ಅಚ್ಚಾಗಲಿ. ಇಂಗ್ಲಿಷಿನ ಅಳತೆಗೆ ಕತ್ತರಿಸಿದ ಫಲಕದಲ್ಲಿ ಜರ್ಮನ್ ಹಿಡಿಸುವುದಿಲ್ಲ. ಕನ್ನಡದ ಒತ್ತಕ್ಷರಗಳು ಕೆಳಗಿಳಿಯುವುದರಿಂದ ಸಾಲುಗಳ ನಡುವೆ ಹೆಚ್ಚು ಜಾಗ ಬೇಕು. ಅರೇಬಿಕ್ ಬಂದರಂತೂ ಎಡದಿಂದ ಬಲಕ್ಕೆ ಜೋಡಿಸಿದ ಚಿತ್ರಗಳ ಸಾಲೇ ತಿರುಗುಮುರುಗಾಗುತ್ತದೆ. ಮೂರು ಭಾಷೆಗಳು ಒಂದೇ ಗೋಡೆ ಹಂಚಿಕೊಳ್ಳಬೇಕಾದಾಗ ಅಕ್ಷರ ಕುಗ್ಗಿಸಬೇಡಿ, ವಾಕ್ಯ ಕಡಿಮೆ ಮಾಡಿ. ವಿಷಯತಜ್ಞರು ಮುನಿಸಿಕೊಳ್ಳುತ್ತಾರೆ, ಮುನಿಸಿಕೊಳ್ಳಲಿ. ಕರಡನ್ನು ಮೇಜಿನ ಮೇಲೆ ತಿದ್ದಿದರೆ ಸಾಲದು. ಗೋಡೆಗೆ ಹಚ್ಚಿ, ಆ ಭಾಷೆಯವರೊಬ್ಬರು ನಿಂತು ಓದಬೇಕು.

3. ಎಟಿಎ ಕಾರ್ನೆಟ್ ಎಂಬ ತಾತ್ಕಾಲಿಕ ಆಮದಿನ ದಾಖಲೆ ಇದ್ದರೆ ಸುಂಕ ಕಟ್ಟದೆ ಗಡಿ ದಾಟಬಹುದು, ಆದರೆ ಅದರ ಆಯುಸ್ಸು ಒಂದೇ ವರ್ಷ. ಭಾರತದಿಂದ ನೂರು ವರ್ಷ ಮೀರಿದ ಕಲಾವಸ್ತು ಹೊರಡಬೇಕಾದರೆ 1972ರ ಪುರಾವಸ್ತು ಕಾಯ್ದೆಯಡಿ ಅನುಮತಿ ಬೇಕು. ದಂತದ ಕುಂದಣವಿರುವ ಮೈಸೂರಿನ ಹಳೆಯ ಬೀಟೆಮರದ ಪೆಟ್ಟಿಗೆ ಇನ್ನೂ ತೊಡಕಿನದು: ದಂತವೂ ಬೀಟೆಮರವೂ ಅಳಿವಿನಂಚಿನ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟ್ಸ್ ಒಪ್ಪಂದದ ಪಟ್ಟಿಯಲ್ಲಿವೆ.

4. ನಕ್ಷೆಯಲ್ಲಿ ಇಂದಿನ ಗಡಿರೇಖೆ ಬೇಡ. ಕಾಶ್ಮೀರವನ್ನು ಒಂದೊಂದು ದೇಶ ಒಂದೊಂದು ಬಗೆಯಲ್ಲಿ ಬರೆಯುತ್ತದೆ. ಹಳೆಯ ಕಾಲದ ಕಥೆಗೆ ನದಿ, ಬಂದರು, ಘಾಟಿ ಸಾಕು.

5. ಎಲ್ಲ ಮೂಲವಸ್ತುವೂ ಕೊನೆಯ ಊರು ಕಾಣಬೇಕಿಲ್ಲ. ಚಿಕಣಿ ಚಿತ್ರ, ಹಳೆಯ ಬಟ್ಟೆಗಳಿಗೆ 50 ಲಕ್ಸ್‌ಗಿಂತ ಹೆಚ್ಚು ಬೆಳಕು ಕೂಡದು; ಅರ್ಧ ದಾರಿಯಲ್ಲಿ ಅವನ್ನು ಇಳಿಸಿ ಬೇರೆಯವನ್ನು ಹತ್ತಿಸಿ. ಛಾಯಾಚಿತ್ರದ್ದು ಸಲೀಸು. 1955ರಲ್ಲಿ ಎಡ್ವರ್ಡ್ ಸ್ಟೈಕನ್ ನ್ಯೂಯಾರ್ಕಿನಲ್ಲಿ ತೆರೆದ ‘ದಿ ಫ್ಯಾಮಿಲಿ ಆಫ್ ಮ್ಯಾನ್’ ಪ್ರದರ್ಶನದ 503 ಚಿತ್ರಗಳು ಹಲವು ಪ್ರತಿಗಳಾಗಿ ಲೋಕ ಸುತ್ತಿದವು, ಒಂದು ಪ್ರತಿ ಈಗ ಲಕ್ಸೆಂಬರ್ಗಿನ ಕ್ಲೆರ್ವೋ ಕೋಟೆಯಲ್ಲಿದೆ.

6. ಹೊರಡುವ ಉತ್ಸಾಹದಲ್ಲಿ ವಾಪಸಾತಿ ಮರೆತುಹೋಗುತ್ತದೆ. ವಿಮೆಯೂ ಸ್ಥಿತಿಪರಿಶೀಲನೆಯೂ ವಸ್ತು ಮನೆ ಸೇರುವವರೆಗೆ ನಡೆಯಲೇಬೇಕು. ಆ ಹಣವನ್ನು ಬಜೆಟ್ಟಿನಲ್ಲಿ ಮೊದಲೇ ತೆಗೆದಿಡಿ, ಗೋಡೆಯ ಬಣ್ಣ ಆಮೇಲೆ ಆರಿಸಿ.