ಹೋದ ಕಣ್ಣು, ಉಳಿದ ಬೆಕ್ಕು

ಪ್ರಶ್ನೆ: ನಮ್ಮದು ಬೈಂದೂರು ಹತ್ತಿರದ ಹಳ್ಳಿ. ಮಗ ಬೆಂಗಳೂರಿನಲ್ಲಿ ಹೋಟೆಲ್ ಕೆಲಸದಲ್ಲಿದ್ದಾನೆ. ಮನೆಯಲ್ಲಿ ನಾನು, ಅತ್ತೆ, ಆರು ವರ್ಷದ ಹೆಣ್ಣು ಬೆಕ್ಕು. ತಿಂಗಳ ಹಿಂದೆ ಬೆಕ್ಕಿನ ಎಡಗಣ್ಣಲ್ಲಿ ನೀರು ಸುರಿಯತೊಡಗಿತು. ಅತ್ತೆಯ ಪೊರೆ ಆಪರೇಷನ್ನಿಗೆ ಕೊಟ್ಟಿದ್ದ ಡ್ರಾಪ್ಸ್ ಉಳಿದಿತ್ತು, ಅದನ್ನೇ ನಾಲ್ಕು ದಿನ ಬಿಟ್ಟೆ. ಕಣ್ಣು ಬೆಳ್ಳಗಾಯಿತು, ಈಗ ನಡುವೆ ಕಪ್ಪು ಚುಕ್ಕೆಯೊಂದು ಹೊರಗೆ ಬಂದಿದೆ. ಕುಂದಾಪುರಕ್ಕೆ ಕೊಂಡುಹೋದೆ. ಕಣ್ಣು ತೂತಾಗಿದೆ, ಉಳಿಯುವುದಿಲ್ಲ, ತೆಗೆಯಬೇಕು ಎಂದರು ಡಾಕ್ಟರು. "ಒಂದ್ ಬೆಕ್ಕಿಗೆ ಇಷ್ಟೆಲ್ಲ ಮಾಡ್ಕಾ?" ಎಂದು ನೆರೆಮನೆಯವರು ಕೇಳುತ್ತಾರೆ. ನನ್ನ ಕೈಯಿಂದಲೇ ಕಣ್ಣು ಹೋಯಿತಲ್ಲ ಎಂಬ ಸಂಕಟ ನನಗೆ. ಇನ್ನು ಅದನ್ನು ಕೀಳಿಸುವ ಪಾಪವನ್ನೂ ಮಾಡಲೇ?

ಉತ್ತರ: ನಿಮಗೆ ಇದರ ಅರ್ಧವನ್ನು ಫೋನಿನಲ್ಲೇ ಹೇಳಿದ್ದೇನೆ, ಯಾಕೆಂದರೆ ತೂತಾದ ಕಣ್ಣು ಪತ್ರಿಕೆ ಅಚ್ಚಾಗುವವರೆಗೆ ಕಾಯುವುದಿಲ್ಲ. ಉಳಿದದ್ದು ಇಲ್ಲಿದೆ.

ಮೊದಲು ಡ್ರಾಪ್ಸಿನ ಮಾತು. ಪೊರೆ ತೆಗೆದವರಿಗೆ ಕೊಡುವ ಡ್ರಾಪ್ಸಿನಲ್ಲಿ ಸಾಮಾನ್ಯವಾಗಿ ಸ್ಟೀರಾಯ್ಡ್ ಇರುತ್ತದೆ. ಕಣ್ಣಿನ ಮುಂಭಾಗದ ಪಾರದರ್ಶಕ ಪದರ, ಅಂದರೆ ಕಾರ್ನಿಯಾದ ಮೇಲೆ ಗಾಯವಿದ್ದಾಗ ಅದು ಬಿದ್ದರೆ ಗಾಯ ಮಾಯುವುದು ಬಿಟ್ಟು ಆಳಕ್ಕಿಳಿಯುತ್ತದೆ. ಏನೂ ಆಗಲಿಲ್ಲ ಬಿಡಿ ಎಂದು ಸುಳ್ಳು ಸಮಾಧಾನ ಹೇಳಲಾರೆ. ಆದರೆ ಕಣ್ಣಲ್ಲಿ ನೀರು ಸುರಿಯತೊಡಗಿದ್ದು ನೀವು ಡ್ರಾಪ್ಸ್ ಬಿಡುವ ಮೊದಲು. ಬೆಕ್ಕುಗಳ ನೆಗಡಿಗೆ ಕಾರಣವಾಗುವ ಹರ್ಪಿಸ್ ವೈರಸ್ಸಿನಿಂದಲೋ, ಜಗಳದಲ್ಲಿ ತಾಗಿದ ಉಗುರಿನಿಂದಲೋ ಇಂಥ ಗಾಯ ಆಗುತ್ತದೆ. ಡಾಕ್ಟರು ಕಣ್ಣಿಗೆ ಕಿತ್ತಳೆ ಬಣ್ಣದ ಒಂದು ದ್ರವ ಬಿಟ್ಟು ನೀಲಿ ಬೆಳಕಿನಲ್ಲಿ ನೋಡಿದರೆ ಗಾಯವಿದ್ದಲ್ಲಿ ಹಸಿರು ಹೊಳೆಯುತ್ತದೆ. ಬರಿಗಣ್ಣಿಗೆ ಅದು ಕಾಣುವುದೇ ಕಷ್ಟ, ನಿಮಗೆ ಹೇಗೆ ಗೊತ್ತಾಗಬೇಕಿತ್ತು? ಡ್ರಾಪ್ಸ್ ವಿಷಯ ಡಾಕ್ಟರಿಗೆ ಹೇಳಿದಿರೋ ಇಲ್ಲವೋ ನೀವು ಬರೆದಿಲ್ಲ. ನಾಚಿಕೆಯಿಂದ ಬಿಟ್ಟಿದ್ದರೆ ಈಗ ಹೇಳಿ, ಬಾಟಲಿಯನ್ನೂ ತೋರಿಸಿ.

ಇನ್ನು ಪಾಪದ ಪ್ರಶ್ನೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದಕ್ಕೆ ನಾವು ಗಾದೆ ಕಟ್ಟಿದ್ದೇವೆ. ಒಂದೇ ಕಣ್ಣು ಮುಚ್ಚಿ ಕೂತ ಬೆಕ್ಕಿನ ಬಗ್ಗೆ ಯಾರೂ ಗಾದೆ ಮಾಡಿದ ಹಾಗಿಲ್ಲ. ಅದು ನಿದ್ದೆಯಲ್ಲ ಮಾರಾಯ್ರೆ, ನೋವು. ಬೆಕ್ಕು ಕೂಗಿ ಹೇಳುವ ಪ್ರಾಣಿಯಲ್ಲ. ಅಟ್ಟದ ಮೂಲೆಯಲ್ಲಿ ಮುದುಡಿ ಕೂರುತ್ತದೆ, ಊಟ ಬಿಡುತ್ತದೆ. ನೀವು ಕೀಳಿಸಲು ಹೆದರುತ್ತಿರುವ ಆ ಕಣ್ಣು ನೋಡುವ ಕೆಲಸವನ್ನು ಆಗಲೇ ನಿಲ್ಲಿಸಿದೆ. ನೋಯುವ ಕೆಲಸವನ್ನು ಮಾತ್ರ ಹಗಲೂ ರಾತ್ರಿ ಮಾಡುತ್ತಿದೆ.

ಮನಸ್ಸಿಗೆ ಇನ್ನೂ ಖಾತ್ರಿ ಬೇಕಿದ್ದರೆ ಉಡುಪಿಯಲ್ಲೋ ಮಂಗಳೂರಿನಲ್ಲೋ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಘಟ್ಟದ ಮೇಲೆ ಶಿವಮೊಗ್ಗದ ಪಶುವೈದ್ಯಕೀಯ ಕಾಲೇಜೂ ಇದೆ. ಆದರೆ ಒಂದೆರಡು ದಿನದೊಳಗೆ ಮುಗಿಸಿ.

ಆಪರೇಷನ್ ಪೂರ್ತಿ ಅರಿವಳಿಕೆಯಲ್ಲಿ ನಡೆಯುತ್ತದೆ, ಮೊದಲು ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕಣ್ಣು ತೆಗೆದು ರೆಪ್ಪೆ ಹೊಲಿಯುತ್ತಾರೆ. ಹೊಲಿಗೆ ಬಿಚ್ಚುವುದು ಸಾಮಾನ್ಯವಾಗಿ 10ರಿಂದ 14 ದಿನಕ್ಕೆ, ಅಲ್ಲಿಯವರೆಗೆ ಕೊರಳಿಗೆ ಕಟ್ಟುವ ಆಲಿಕೆಯಾಕಾರದ ಪ್ಲಾಸ್ಟಿಕ್ ಪಟ್ಟಿ ಬಿಚ್ಚಬೇಡಿ. ಎಷ್ಟು ಅತ್ತರೂ. ನೋವಿಗೆಂದು ಮನೆಯ ಪ್ಯಾರಸಿಟಮಾಲ್ ಮಾತ್ರ ಕೊಡಲೇಬಾರದು. ಬೆಕ್ಕಿನ ದೇಹಕ್ಕೆ ಅದನ್ನು ಕರಗಿಸಿ ಹೊರಹಾಕಲು ಬರುವುದಿಲ್ಲ, ಒಂದು ಮಾತ್ರೆ ಸಾಕು ಜೀವ ಹೋಗಲು. ಎರಡು ದಿನ ಏನೂ ತಿನ್ನದಿದ್ದರೆ ಡಾಕ್ಟರಿಗೆ ಹೇಳಿ. ಉಪವಾಸ ಬಿದ್ದ ಬೆಕ್ಕಿನ ಲಿವರ್ ಬೇಗ ಕೆಡುತ್ತದೆ. ಉಪ್ಪು ಖಾರ ಹಾಕದೆ ಬೇಯಿಸಿ ಮುಳ್ಳು ಬಿಡಿಸಿದ ಬಂಗುಡೆಯನ್ನು ಉಗುರುಬೆಚ್ಚಗೆ ಮೂಗಿನ ಹತ್ತಿರ ಹಿಡಿದರೆ ಎಂಥ ಹಟಮಾರಿಯೂ ಬಾಯಿ ಹಾಕುತ್ತದೆ. ಬೋಟು ನಿಲ್ಲುವ ಜೂನ್, ಜುಲೈಯಲ್ಲಿ ಮೀನು ಸಿಗದಿದ್ದರೆ ಕೋಳಿ ಸಾಕು.

ಬ್ರಹ್ಮಾವರದ ನನ್ನ ಅಕ್ಕನ ಮನೆಯಲ್ಲಿ ಒಕ್ಕಣ್ಣನೊಬ್ಬನಿದ್ದಾನೆ. ಮೊದಲ ಎರಡು ವಾರ ಜಗಲಿಯಿಂದ ಹಾರುವಾಗ ಲೆಕ್ಕ ತಪ್ಪಿ ಚಪ್ಪಲಿಗಳ ಮೇಲೆ ಬೀಳುತ್ತಿದ್ದ. ಈಗ ಮೀನಿನವಳ ಸ್ಕೂಟರಿನ ಹಾರ್ನ್ ಅಕ್ಕನಿಗಿಂತ ಮೊದಲು ಕೇಳುವುದು ಅವನಿಗೇ. ಕಿವಿ, ಮೂಗು, ಮೀಸೆ ಸೇರಿ ಕಣ್ಣಿನ ಕೊರತೆ ತುಂಬುತ್ತವೆ. ನಿಮ್ಮ ಕಡೆಯಿಂದ ಆಗಬೇಕಾದದ್ದು ಇಷ್ಟು: ಅಂಗಳದ ಬಾವಿಕಟ್ಟೆ ಗಿಡ್ಡವಿದ್ದರೆ ಮೇಲೆ ಬಲೆ ಹಾಸಿ, ಮನೆ ಹೆದ್ದಾರಿ 66ರ ಬದಿಗಿದ್ದರೆ ಇನ್ನು ಅದು ಒಳಗಿನ ಬೆಕ್ಕು. ಎಡಗಡೆಯಿಂದ ಮುಟ್ಟುವ ಮೊದಲು ಕರೆಯಿರಿ, ಇಲ್ಲವಾದರೆ ಬೆಚ್ಚಿ ಪರಚೀತು.

ನೆರೆಮನೆಯವರಿಗೆ ಉತ್ತರ ಕೊಡುವ ಗೋಜು ಬೇಡ. ದನಕ್ಕಾದರೆ ಯಾರೂ ಹಾಗೆ ಕೇಳುವುದಿಲ್ಲ, ದನ ಹಾಲು ಕೊಡುತ್ತದಲ್ಲ! ಖರ್ಚಿನ ಚಿಂತೆ ಇದ್ದರೆ ಮಗನಿಗೆ ಫೋನ್ ಮಾಡಿ ಬಾಯಿಬಿಟ್ಟು ಕೇಳಿ. ಬೆಕ್ಕಿನ ಫೋಟೋ ಕಳಿಸಿ ಎಂದು ಪೀಡಿಸುವವನು ಅವನೇ ಇರಬೇಕು.

ಡಾಕ್ಟರಿಗೆ ತೋರಿಸಿಯಾದ ಮೇಲೆ ಆ ಡ್ರಾಪ್ಸ್ ಬಾಟಲಿಯನ್ನು ಎಸೆದುಬಿಡಿ. ಮುಚ್ಚಳ ತೆರೆದು ತಿಂಗಳಾದದ್ದು ಅತ್ತೆಯ ಕಣ್ಣಿಗೂ ಬೇಡ.